ಕೈ ಒಣಗಿದವರ ಪಂಕ್ತಿ

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದು ಸುಲಭವಿತ್ತು, ಏಳುವುದು ಕಷ್ಟವಿತ್ತು. ಹಾಗಲವಾಡಿಯ ಮಗ್ಗುಲಿನ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಬೀದಿ ಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಎತ್ತುಗಳು, ಬಲಕ್ಕೆ ರಾಗಿ ತುಂಬಿಟ್ಟ ಆಳೆತ್ತರದ ಮಣ್ಣಿನ ವಾಡೆ. ಅವೆರಡರ ನಡುವೆ ದಾಟಿಕೊಂಡು ಹೋದರೆ ನಡುಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಬಿದ್ದು ದಿನವೆಲ್ಲ ನೆಲದ ಮೇಲೆ ಸರಿಯುತ್ತಿತ್ತು, ಅದು ಒರಳಿನ ಹತ್ತಿರ ಬಂತೆಂದರೆ ಮಧ್ಯಾಹ್ನದ ಊಟ. ಗೋಡೆಗುಂಟ ಸಾಲಾಗಿ ಕೂರುತ್ತಿದ್ದೆವು. ಮೊದಲು ಅಪ್ಪ, ಆಮೇಲೆ ಚಿಕ್ಕಪ್ಪ, ಆಮೇಲೆ ನಾನು, ನನ್ನ ಪಕ್ಕದಲ್ಲಿ ತಮ್ಮ ನಂಜ. ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟುಕೊಂಡು ನಮ್ಮ ಎದುರಿಗೆ ಅಪ್ಪನ ತಾಯಿ ಗೌರಜ್ಜಿ. ಬಡಿಸುವವಳು ಅವ್ವ. ಹಣೆಯಲ್ಲಿ ವಿಭೂತಿ ಇಲ್ಲದೆ ಯಾರೂ ತಟ್ಟೆ ಮುಟ್ಟುವ ಹಾಗಿಲ್ಲ ಎನ್ನುವುದು ಒಂದು ಕಟ್ಟಳೆ. ಇನ್ನೊಂದು, ಸಾಲಿನ ಕಡೆಯವನ ತಟ್ಟೆ ಖಾಲಿಯಾಗುವ ತನಕ ತಲೆ ಮೇಲೆ ತಲೆ ಬಿದ್ದರೂ ಯಾರೂ ಏಳುವ ಹಾಗಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಈ ಮರ್ಯಾದೆಯನ್ನು ಎಲ್ಲರೂ ಪಾಲಿಸುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ದಿನದ ಹಿಟ್ಟು ಸಾರಿಗೂ ಅದೇ ಕಾನೂನು.

ಇದರಿಂದ ಯಾರಿಗೂ ತೊಂದರೆ ಆಗುತ್ತಿರಲಿಲ್ಲ, ನಂಜ ಒಬ್ಬ ಇರದಿದ್ದರೆ. ನಮ್ಮ ಕಡೆ ಹಿಟ್ಟು ಎಂದರೆ ರಾಗಿ ಮುದ್ದೆ, ಅದನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು ಅಷ್ಟೇ. ನಂಜ ಅಗಿಯುತ್ತಿದ್ದ. ಎಲ್ಲಿ ಕಲಿತನೋ ಶಿವನಿಗೇ ಗೊತ್ತು. ಒಂದೊಂದು ತುತ್ತನ್ನೂ ಬಾಯಲ್ಲಿ ಆ ಕಡೆ ಈ ಕಡೆ ಓಡಾಡಿಸಿ, ಬೆಳಕಿಂಡಿಯ ಬಿಸಿಲಲ್ಲಿ ತೇಲುವ ಧೂಳು ನೋಡುತ್ತಾ ಕೂತುಬಿಡುತ್ತಿದ್ದ. ನಾವೆಲ್ಲ ಉಂಡು, ಮಜ್ಜಿಗೆ ಕುಡಿದು, ಎಂಜಲು ಕೈಯನ್ನು ಮೊಣಕಾಲ ಮೇಲೆ ಎತ್ತಿಟ್ಟುಕೊಂಡು ಕಾಯುತ್ತಿದ್ದೆವು. ಹುರುಳಿಕಾಳಿನ ಸಾರು ಬೆರಳ ಸಂದಿಯಲ್ಲಿ ಒಣಗಿ ಚರ್ಮವನ್ನು ಬಿಗಿದು ಹಿಡಿಯುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗುತ್ತಿದ್ದ. ಚಿಕ್ಕಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ. ಒಂದು ದಿನ ಹೊಲದಲ್ಲಿ ಎತ್ತು ಹೂಡಿ ಬಂದಿದ್ದವನು ತಡೆಯಲಾರದೆ ಎದ್ದೇ ಬಿಟ್ಟ. ಗೌರಜ್ಜಿ ಬಯ್ಯಲಿಲ್ಲ. ಸಂಜೆ ಅವನ ಪಕ್ಕಕ್ಕೇ ಬಂದು ಕೂತು, ಒಂದೇ ಒಂದು ಮುದ್ದೆಯನ್ನು ಕಡಲೆಕಾಯಿ ಬಿಡಿಸಿ ತಿನ್ನುವವಳ ಹಾಗೆ ಚೂರು ಚೂರೇ ತಿಂದಳು. ಚಿಕ್ಕಪ್ಪ ಕೈ ಒಣಗಿಸಿಕೊಂಡು ಕೂತೇ ಇದ್ದ. ಆಮೇಲೆ ಅವನು ಮತ್ತೆಂದೂ ಮೊದಲು ಎದ್ದಿಲ್ಲ.

ನಮ್ಮ ಹಳ್ಳಿಯ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಐದಕ್ಕೆ ಹಾಗಲವಾಡಿಗೆ ನಡೆದು ಹೋಗಬೇಕು, ದಾರಿಯಲ್ಲಿ ಒಂದು ಹಳ್ಳ, ಅದರಾಚೆ ಯಾರೂ ಇಲ್ಲದ ಹೊಲಗಳು. ನಾನು ನಾಲ್ಕನೇ ಕ್ಲಾಸು ಪಾಸಾದೆ. ಚೆನ್ನಾಗಿಯೇ ಪಾಸಾದೆ. ನಂಜ ಮೂರು ಮುಗಿಸಿದ್ದ. ಮಾರನೇ ದಿನ ಊಟದ ಸಾಲಿನಲ್ಲಿ ಗೌರಜ್ಜಿ ತೀರ್ಮಾನ ಹೇಳಿದಳು.

"ಒಂಟಿ ಹೆಣ್ಣು ಅಷ್ಟು ದೂರ ಹೋಗದು ಬ್ಯಾಡ. ನಂಜನೂ ನಾಕು ಮುಗಿಸ್ಲಿ. ಇಬ್ರೂ ಜೊತೇಲಿ ಹೋಯ್ತವೆ ಬುಡು."

"ನಾನು ಪಾಸಾಗಿದೀನಿ ಅಜ್ಜಿ."

"ಆಗಿದ್ರೆ ಆಗಿರು, ಯಾರು ಇಲ್ಲ ಅಂದ್ರು? ಪಂಕ್ತೀಲಿ ಕೂತೋರು ಜೊತೇಲಿ ಏಳ್ಬೇಕು ಕಣೇ ಗಂಗಿ."

ಅಪ್ಪ ಹೋಗಿ ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಆಗಲಿ ಎಂದರು. ಆ ಕಾಲದಲ್ಲಿ ಹುಟ್ಟಿದ ದಿನವನ್ನೂ ಮೇಷ್ಟ್ರೇ ಅಂದಾಜಿನಲ್ಲಿ ಹಾಕುತ್ತಿದ್ದರು, ಒಂದು ವರ್ಷ ಆಚೀಚೆ ಆದರೆ ಯಾರಿಗೆ ಏನು? ನನ್ನ ಗೆಳತಿ ರುದ್ರಿ ಅವಳ ಅಣ್ಣನ ಜೊತೆ ಹಾಗಲವಾಡಿ ಶಾಲೆಗೆ ಹೊರಟಳು. ಬೇರೆ ಮನೆಯ ಹುಡುಗನ ಜೊತೆ ನನ್ನನ್ನು ಕಳಿಸಲು ಗೌರಜ್ಜಿ ಒಪ್ಪಲಿಲ್ಲ. ನಮ್ಮ ಜಗಲಿಯ ಮುಂದೆಯೇ ಅವಳ ದಾರಿ. ಅವಳು ಬರುವ ಹೊತ್ತಿಗೆ ನಾನು ವಾಡೆಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು ಪಾಠ ಶುರು ಮಾಡಿದರೆ ನನಗೆ ಅದರ ಕೊನೆ ಗೊತ್ತು. ಸುಮ್ಮನೆ ಕೂತರೆ ಗಲಾಟೆ ಮಾಡುತ್ತೇನೆಂದು ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ತಿದ್ದಿಸಲು ಹಚ್ಚಿದರು. ಅವುಗಳ ಮೂಗು ಒರೆಸಿ, ಅ ಆ ತಿದ್ದಿಸಿ ಆ ವರ್ಷ ಕಳೆದೆ. ನನಗೆ ಬಹಳ ಕೋಪವಿತ್ತು. ಕಲಿತದ್ದನ್ನೇ ಮತ್ತೆ ಕಲಿಯುವುದು ರಾಗಿ ಬೀಸುವುದಕ್ಕಿಂತ ದಣಿವಿನ ಕೆಲಸ. ಬೀಸಿದರೆ ಹಿಟ್ಟಾದರೂ ಬೀಳುತ್ತದೆ.

ಇದನ್ನೆಲ್ಲ ನಾನು ಮಕ್ಕಳಿಗೆ ಹೇಳಿರಲಿಲ್ಲ, ಹೇಳುವ ಸಂದರ್ಭವೇ ಬಂದಿರಲಿಲ್ಲ. ಮುಂದೆ ಓದಿ, ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಅರ್ಧ ಆಯಸ್ಸು ಯಾರ್ಯಾರಿಗೋ "ಲೈನಲ್ಲಿರಿ" ಎಂದು ಹೇಳಿ ಕಾಯಿಸಿ, ನಿವೃತ್ತಿಯಾದೆ. ನಮ್ಮ ಮನೆಯವರು ತೀರಿಹೋದ ಮೇಲೆ ಮರಳೂರಿನಲ್ಲಿ ಮಗ ಪ್ರಕಾಶನ ಜೊತೆ ಇದ್ದೇನೆ. ಅವನಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ, ಸೊಸೆ ಸವಿತ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಾಳೆ. ಅವರ ಒಬ್ಬಳೇ ಮಗಳು ಧನ್ಯ. ಈ ಮನೆಯಲ್ಲಿ ನೆಲದ ಮೇಲೆ ಯಾರೂ ಕೂರುವುದಿಲ್ಲ, ಡೈನಿಂಗ್ ಟೇಬಲ್ ಇದೆ. ಹಸಿವಾದವರು ಹಸಿವಾದಾಗ ಹಾಕಿಕೊಂಡು ತಿನ್ನುತ್ತಾರೆ. ಮಗ ಟಿವಿ ಮುಂದೆ, ಸೊಸೆ ಅಡುಗೆ ಕಟ್ಟೆಗೆ ಒರಗಿ ನಿಂತುಕೊಂಡೇ. ನನಗೆ ಮೊದಲ ವರ್ಷ ಇದು ಬಿಡುಗಡೆ ಅನ್ನಿಸಿತ್ತು. ಉಂಡ ತಕ್ಷಣ ಎದ್ದು ಕೈ ತೊಳೆಯಬಹುದು ಅನ್ನುವುದೇ ಒಂದು ಸುಖ.

ಕೊರೊನಾ ಬಂದಾಗ ಧನ್ಯ ಒಂದನೇ ಕ್ಲಾಸಿನಲ್ಲಿದ್ದಳು. ಶಾಲೆ ಮುಚ್ಚಿತು, ಅವಳು ಮನೆಯಲ್ಲೇ ಎರಡನೇ ಕ್ಲಾಸಾದಳು, ಮನೆಯಲ್ಲೇ ಮೂರನೇ ಕ್ಲಾಸೂ ಆದಳು. ಟೇಬಲಿನ ಮೇಲೆ ಉಪ್ಪಿನ ಜಾಡಿಗೆ ಫೋನು ಒರಗಿಸಿಟ್ಟರೆ ಅದೇ ಶಾಲೆ. ನನ್ನ ಎರಡು ಕಣ್ಣಿಗೂ ಆಗ ಪೊರೆ ಬಂದಿತ್ತು, ಆಪರೇಷನ್ ಮಾಡಿಸೋಣವೆಂದರೆ ಆಸ್ಪತ್ರೆಗೆ ಹೋಗುವುದೇ ಭಯದ ಕಾಲ. ಮಸುಕಿನಲ್ಲೇ ಅವರೆಕಾಯಿ ಬಿಡಿಸುತ್ತಾ ಅವಳ ಪಕ್ಕ ಕೂತಿರುತ್ತಿದ್ದೆ. "ಪ್ರೆಸೆಂಟ್ ಮಿಸ್." "ಯೆಸ್ ಮಿಸ್." "ಕೇಳಿಸ್ತಿಲ್ಲ ಮಿಸ್." ಮಿಸ್ಸು ಒಂದು ಸಾಲು ಓದುವುದು, ಮಕ್ಕಳು ಒಟ್ಟಾಗಿ ಹೇಳುವುದು, ನಡುವೆ ಯಾರ ಮನೆಯದೋ ಕುಕ್ಕರ್ ಕೂಗುವುದು. ಎರಡನೇ ಕ್ಲಾಸಿನ ಪಾಠಗಳು ನನಗೂ ಬಾಯಿಪಾಠ ಆದವು. ಧನ್ಯ ಪುಸ್ತಕದ ಮೇಲೆ ಬೆರಳು ಓಡಿಸುತ್ತಾ ಒಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು.

"ನೋಡಮ್ಮ, ಸ್ಕೂಲೇ ಇಲ್ದೆ ಹೆಂಗ್ ಓದ್ತಾಳೆ," ಎಂದು ಪ್ರಕಾಶ ಹಿಗ್ಗುತ್ತಿದ್ದ.

ಆ ಓದಿನ ಗುಟ್ಟು ಬಯಲಾದದ್ದು ಒಂದು ಬಸ್ಸಿನಲ್ಲಿ. ಕಾಯಿಲೆ ಸ್ವಲ್ಪ ತಗ್ಗಿತ್ತು, ದೀಪಾವಳಿ ಹತ್ತಿರ ಬರುತ್ತಿತ್ತು, ಸಣ್ಣ ಮಕ್ಕಳ ಶಾಲೆ ಮುಂದಿನ ವಾರ ತೆರೆಯುತ್ತದೆ ಎಂದಿದ್ದರು. ನನ್ನ ಒಂದು ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ ಬಂದಿತ್ತು, ಇನ್ನೊಂದಕ್ಕೆ ಏನೂ ಕಾಣದು. ತಮ್ಮ ನಂಜ ಈಗ ಗುಬ್ಬಿಯಲ್ಲಿದ್ದಾನೆ. ಅವನಿಗೂ ಆ ಕಾಯಿಲೆ ಬಂದು, ಆಸ್ಪತ್ರೆಯಲ್ಲಿ ಮಲಗಿ, ಬದುಕಿ ಮನೆಗೆ ಬಂದಿದ್ದ. ಅವನನ್ನು ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಧನ್ಯಳನ್ನು ಕಣ್ಣಿಗೆಂದು ಜೊತೆಗೆ ಕರೆದುಕೊಂಡು ಹೊರಟೆ.

"ಬೋರ್ಡ್ ಓದ್ಕೊಂಡ್ ಹೇಳು ಕಣೇ. ಗುಬ್ಬಿ ಅಂತ ಇರ್ಬೇಕು."

"ಹ್ಞೂಂ ಅಜ್ಜಿ," ಎಂದಳು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಮೂರನೆಯದಕ್ಕೆ ನನ್ನ ಸೆರಗು ಎಳೆದು, "ಇದೇ ಅಜ್ಜಿ, ಬಾ" ಎಂದು ಹತ್ತಿಸಿದಳು. ಸೀಟೂ ಸಿಕ್ಕಿತು. ಕಂಡಕ್ಟರ್ ಹಿಂದಿನಿಂದ ಟಿಕೆಟ್ ಕೊಟ್ಟುಕೊಂಡು ಬರುವಷ್ಟರಲ್ಲಿ ಕಿಟಕಿಯಿಂದ ಕೆರೆಯ ತಣ್ಣನೆ ಗಾಳಿ ಬಂತು. ಗುಬ್ಬಿ ದಾರಿಯಲ್ಲಿ ಇಷ್ಟು ಬೇಗ ಕೆರೆ ಎಲ್ಲಿಂದ ಬಂತು ಎಂದುಕೊಂಡೆ.

"ಗುಬ್ಬಿಗೆ, ಒಂದು ಫುಲ್ಲು, ಒಂದು ಆಫ್ ಕೊಡಪ್ಪ."

"ಗುಬ್ಬಿಗಾ? ಇದು ಕುಣಿಗಲ್ ಗಾಡಿ ಕಣಮ್ಮ, ಗೂಳೂರು ಬಂತು. ಬೋರ್ಡ್ ನೋಡ್ಲಿಲ್ವಾ?"

"ನನ್ನ ಮೊಮ್ಮಗಳು ನೋಡಿದ್ಲಪ್ಪ."

ಪಕ್ಕದಲ್ಲಿ ಕೂತಿದ್ದ ಹೆಂಗಸು ಧನ್ಯಳ ಕಡೆ ಬಾಗಿ, "ಯಾವ ಕ್ಲಾಸಮ್ಮ ಪಾಪು?" ಎಂದು ಕೇಳಿದಳು. ಧನ್ಯ, "ತರ್ಡ್" ಎಂದಳು.

"ಕೊರೊನಾ ಪಾಸು ಬುಡಿ," ಎಂದು ಹಿಂದಿನ ಸೀಟಿನಿಂದ ಯಾರೋ ಗಂಡಸು ಅಂದ. "ನಮ್ಮನೇಲೂ ಒಂದೈತೆ."

ಬಸ್ಸಿನಲ್ಲಿ ನಗು ಎದ್ದಿತು. ಕೆಟ್ಟ ನಗುವೇನಲ್ಲ, ತಮ್ಮ ಮನೆಯಲ್ಲೂ ಅಂಥದೊಂದು ಮಗು ಇರುವವರ ನಗು. ಆದರೆ ಧನ್ಯಳ ಮಾಸ್ಕು ಒದ್ದೆಯಾಗುತ್ತಾ ಹೋಯಿತು. ಕಂಡಕ್ಟರ್ ಗೂಳೂರಿನಲ್ಲಿ ಇಳಿಸಿದ. ಅಂಗಡಿಯೊಂದರ ನೆರಳಿನಲ್ಲಿ ನಿಲ್ಲಿಸಿಕೊಂಡು ಒಂದು ಬಾಳೆಹಣ್ಣು ಕೊಡಿಸಿದೆ. ತಲೆಯ ಮೇಲೆಯೇ ಅಂಗಡಿಯ ಬೋರ್ಡಿತ್ತು, ಕನ್ನಡದಲ್ಲೂ ಇತ್ತು, ಇಂಗ್ಲಿಷಿನಲ್ಲೂ ಇತ್ತು. ಅಷ್ಟು ದಪ್ಪ ಅಕ್ಷರ ನನ್ನ ಹೊಸ ಕಣ್ಣಿಗೇ ಕಾಣುತ್ತಿತ್ತು.

"ಅದರಲ್ಲಿ ಏನಿದೆ ಹೇಳು ಪುಟ್ಟಿ. ಯಾವ್ದಾದ್ರೂ ಒಂದು ಅಕ್ಷರ."

ಅವಳು ಬೋರ್ಡನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು.

"ಅದರಲ್ಲಿ ಚಿತ್ರ ಇಲ್ವಲ್ಲಜ್ಜಿ."

"ಮತ್ತೆ ಪಾಠ ಹೆಂಗೆ ಓದ್ತಿದ್ದೆ?"

"ಮಿಸ್ ಹೇಳ್ತಿದ್ರಲ್ಲ, ಅದೇ. ಚಿತ್ರ ನೋಡಿದ್ರೆ ಯಾವ ಪಾಠ ಅಂತ ಗೊತ್ತಾಗುತ್ತೆ."

ಬರೀ ಗಿಳಿಪಾಠ. ಒಂದನೇ ಕ್ಲಾಸಿನಲ್ಲಿ ಕಲಿತಿದ್ದ ಅಕ್ಷರವೂ ಮರೆತುಹೋಗಿತ್ತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಒಂದೂವರೆ ವರ್ಷ ಯಾರಿಗೂ ಗೊತ್ತಾಗದ ಹಾಗೆ ಅದನ್ನು ನಿಭಾಯಿಸಿದ್ದಳಲ್ಲ ಈ ಕೂಸು, ಎಷ್ಟು ದಣಿದಿರಬೇಕು ಅನ್ನಿಸಿತು. ಅವತ್ತು ಗುಬ್ಬಿಗೆ ಹೋಗಲಿಲ್ಲ. ಗೂಳೂರಿನಿಂದ ವಾಪಸ್ಸು ಮನೆಗೆ ಬಂದೆವು.

ಶಾಲೆ ತೆರೆದ ಮೇಲೆ ಅಲ್ಲಿಯೂ ಅದೇ ಗೊತ್ತಾಯಿತು. ಹೆಡ್‌ಮಿಸ್ಸು ಸವಿತಳನ್ನು ಕರೆಸಿ, ನಾವಾಗಿ ಯಾರನ್ನೂ ಹಿಂದೆ ಹಾಕುವಂತಿಲ್ಲ, ನೀವು ಒಪ್ಪಿ ಕೇಳಿದರೆ ಮಗುವನ್ನು ಎರಡನೇ ಕ್ಲಾಸಿನಲ್ಲಿ ಕೂರಿಸುತ್ತೇವೆ, ಯೋಚನೆ ಮಾಡಿ ಹೇಳಿ ಎಂದರಂತೆ. ಅಲ್ಲಿಂದ ಶುರುವಾಯಿತು ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಬೆಳಿಗ್ಗೆ ಇಡ್ಲಿಯ ಮುಂದೆ ಅದೇ, ಸಂಜೆ ಕಾಫಿಯ ಮುಂದೆ ಅದೇ. ಯಾರೂ ಯಾರಿಗೂ ಹೊಸ ಮಾತು ಹೇಳುತ್ತಿರಲಿಲ್ಲ. ಎರಡು ವರ್ಷದಿಂದ ಒಂದೇ ಸೂರಿನಡಿ ಒಬ್ಬರ ಮುಖ ಒಬ್ಬರು ನೋಡಿ, ಸತ್ತವರ ಸುದ್ದಿ ಕೇಳಿ, ಕೈಗೆ ಕಾಲಿಗೆ ಅದೇನೇನೋ ಬಳಿದುಕೊಂಡು ಎಲ್ಲರೂ ಸುಸ್ತಾಗಿದ್ದೆವು. ಸುಸ್ತಾದವರ ಜಗಳ ಜೋರಾಗಿ ಇರುವುದಿಲ್ಲ, ಮುಗಿಯುವುದೂ ಇಲ್ಲ. ಧನ್ಯ ಮಾತ್ರ ಆ ಮಾತು ಬಂದ ಕೂಡಲೇ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ನಾನೇ ಮುದ್ದೆ ಮಾಡಿ, ಎಲ್ಲರೂ ಒಟ್ಟಿಗೆ ಕೂತೇ ಉಣ್ಣಬೇಕು ಎಂದು ಹಟ ಹಿಡಿದೆ. ಕೂತರು. ಮೊದಲ ತುತ್ತಿಗೇ ಪ್ರಕಾಶ ಶುರು ಮಾಡಿದ.

"ತಪ್ಪು ಯಾರ್ದು ಹೇಳು. ಕಾಯಿಲೆ ಬಂದಿದ್ದು ಊರಿಗೆಲ್ಲ, ಶಿಕ್ಷೆ ನನ್ನ ಮಗುಗಾ? ಎದುರು ಮನೆ ತನ್ವಿ ತರ್ಡಲ್ಲಿ ಕೂತಿರ್ತಾಳೆ, ಇವ್ಳು ಅವಳ ಮುಂದೇನೇ ಸೆಕೆಂಡಿಗೆ ಹೋಗ್ಬೇಕಾ?"

"ಶಿಕ್ಷೆ ಅಂತ ಯಾರಂದ್ರು?" ಸವಿತ ಅಂದಳು. "ಅಡಿಪಾಯಾನೇ ಇಲ್ಲ ರೀ. ಅದರ ಮೇಲೆ ಇನ್ನೆಷ್ಟು ಅಂತಸ್ತು ಕಟ್ತೀರಾ? ನಾಳೆ ಫೋರ್ತು, ನಾಡಿದ್ದು ಫಿಫ್ತು. ಎಲ್ಲಿವರ್ಗೂ ಚಿತ್ರ ನೋಡ್ಕೊಂಡು ಹೋಗ್ತಾಳೆ?"

"ಟ್ಯೂಷನ್ ಹಾಕಣ."

"ಅವಳಿಗೆ ಅಕ್ಷರ ಬರಲ್ಲ. ಟ್ಯೂಷನ್ನಲ್ಲಿ ತರ್ಡ್ ಪಾಠ ಹೇಳ್ತಾರೆ."

"ಅದೆಲ್ಲ ಬೇಡ. ನಮ್ಮ ವಂಶದಲ್ಲೇ ಯಾರೂ ಒಂದು ಕ್ಲಾಸಲ್ಲಿ ಎರಡು ವರ್ಷ ಕೂತಿಲ್ಲ."

"ನಾನು ಕೂತಿದೀನಿ ಕಣೋ," ಎಂದೆ.

ಪ್ರಕಾಶನ ಕೈ ಸಾರಿನಲ್ಲೇ ನಿಂತಿತು. ಅವನ ಲೆಕ್ಕದಲ್ಲಿ ನಾನು ಹುಟ್ಟಿದಾಗಲೇ ಎಸ್ಸೆಸ್ಸೆಲ್ಸಿ ಪಾಸಾದವಳು. ಹೇಳಿದೆ. ನಡುಮನೆಯ ಸಾಲು, ನಂಜನ ಅಗಿತ, ಗೌರಜ್ಜಿಯ ತೀರ್ಮಾನ, ವಾಡೆಯ ಹಿಂದೆ ನಿಂತದ್ದು, ರುದ್ರಿ ಜಗಲಿಯ ಮುಂದೆ ಹಾದುಹೋಗುವಾಗ ಅವಳ ಚೀಲದಲ್ಲಿ ಬಳಪದ ಡಬ್ಬಿ ಗಲಗಲ ಅಂದದ್ದು. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಏರಿತ್ತು. ಇಷ್ಟು ವರ್ಷವಾದರೂ ಅದು ಒಳಗೆ ಹಸಿಯಾಗಿಯೇ ಇತ್ತು ಎಂದು ನನಗೂ ಆಗಲೇ ಗೊತ್ತಾದದ್ದು.

"ನೋಡಿದ್ಯಾ?" ಪ್ರಕಾಶ ಹೆಂಡತಿಯ ಕಡೆ ತಿರುಗಿದ. "ಈ ವಯಸ್ಸಲ್ಲೂ ಅಮ್ಮಂಗೆ ಆ ಕೋಪ ಹೋಗಿಲ್ಲ. ಅದನ್ನೇ ತಂದು ಮಗು ತಲೆ ಮೇಲೆ ಹಾಕಣಾ?"

ನಾನು ಸವಿತಳ ಪರವಾಗಿ ಬಾಯಿ ಬಿಟ್ಟಿದ್ದೆ, ಮಾತು ಹೋಗಿ ಮಗನ ಕಡೆ ಬಿದ್ದಿತ್ತು. ಸವಿತ ತಲೆ ಬಗ್ಗಿಸಿದಳು. ಆಗ ಧನ್ಯ, ಅವತ್ತು ತಟ್ಟೆ ಎತ್ತಿಕೊಂಡು ಒಳಗೆ ಹೋಗದೆ ಕೂತಿದ್ದವಳು, ಕೇಳಿದಳು.

"ಆಮೇಲೆ ನಂಜ ತಾತನ ಜೊತೆ ಹೋದ್ಯಾ ಅಜ್ಜಿ?"

ಹೋದೆ. ಐದನೇ ಕ್ಲಾಸು ಇಬ್ಬರೂ ಒಟ್ಟಿಗೆ ಹೋದೆವು. ಆರರ ಅರ್ಧದಲ್ಲಿ ನಂಜ ಓದುವುದಿಲ್ಲ ಎಂದು ಕೂತ. ಹೊಡೆದರು, ಬಯ್ದರು, ಕಂಬಕ್ಕೆ ಕಟ್ಟಿದರು. ಕೊನೆಗೆ ಅಪ್ಪ ಅವನನ್ನು ಗುಬ್ಬಿಯಲ್ಲಿ ಒಬ್ಬರ ಸೈಕಲ್ ಶಾಪಿಗೆ ಸೇರಿಸಿ ಬಂದ. ಯಾರಿಗೋಸ್ಕರ ನಾನು ಒಂದು ವರ್ಷ ಕಾದೆನೋ ಅವನೇ ಪಂಕ್ತಿಯಿಂದ ಎದ್ದು ಹೋದ. ಇನ್ನು ನನ್ನ ಶಾಲೆಯೂ ಮುಗಿಯಿತು ಎಂದುಕೊಂಡು ಆ ಸೋಮವಾರ ಚೀಲವನ್ನು ಗೂಟಕ್ಕೆ ನೇತುಹಾಕಿ ಕಸ ಗುಡಿಸುತ್ತಿದ್ದೆ. ಬಾಗಿಲಲ್ಲಿ ಗೌರಜ್ಜಿ ಸೆರಗು ಸಿಕ್ಕಿಸಿ, ಊರುಗೋಲು ಹಿಡಿದು ನಿಂತಿದ್ದಳು.

"ಚೀಲ ತಗಾ. ನಡಿ."

ಆ ವರ್ಷದ ಉಳಿದರ್ಧ, ಮುಂದಿನ ವರ್ಷ ಪೂರ್ತಿ, ಅವಳು ನನ್ನ ಜೊತೆ ಹಳ್ಳ ದಾಟಿ ಬಂದಳು. ನನ್ನನ್ನು ಶಾಲೆಯೊಳಗೆ ಬಿಟ್ಟು, ಎದುರಿನ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹತ್ತಿ ಇಟ್ಟುಕೊಂಡು ದೀಪದ ಬತ್ತಿ ಹೊಸೆಯುತ್ತಾ ಸಂಜೆಯ ಗಂಟೆ ಹೊಡೆಯುವ ತನಕ ಕೂತಿರುತ್ತಿದ್ದಳು. ಮೊಣಕಾಲು ಊದುತ್ತಿತ್ತು. ಮಳೆ ಬಂದರೆ ಗುಡಿಯೊಳಗೆ ಸರಿಯುತ್ತಿದ್ದಳು, ಬಿಸಿಲು ಬಂದರೆ ಕಂಬದ ನೆರಳಿನ ಜೊತೆಗೆ ಸರಿಯುತ್ತಿದ್ದಳು. ಒಂದು ದಿನ ಹಳ್ಳದ ಹತ್ತಿರ ಅವಳು ಉಸಿರಿಗೆ ನಿಂತಾಗ ಕೇಳಿದ್ದೆ, ಯಾಕಜ್ಜಿ ಇಷ್ಟು ಪಾಡು ಪಡ್ತೀಯ, ನನ್ನ ಬಿಡಿಸಿಬಿಡು ಎಂದು.

"ಅವತ್ತು ನಿನ್ನ ಕೂರ್ಸಿದೋಳು ನಾನು ತಾನೇ?" ಅಂದಳು. "ಕೂರ್ಸಿದ್ ಮ್ಯಾಲೆ ಜೊತೇಲಿ ಕೂರ್ಬೇಕಾದೋಳೂ ನಾನೇಯ. ನಡಿ, ಹೊತ್ತಾಯ್ತು."

ಇದನ್ನು ಟೇಬಲಿನ ಮುಂದೆ ಹೇಳಿ ಮುಗಿಸುವ ಹೊತ್ತಿಗೆ ನಾಲ್ವರ ಕೈಯೂ ಒಣಗಿತ್ತು. ಯಾರೂ ಎದ್ದಿರಲಿಲ್ಲ. ಧನ್ಯ ತನ್ನ ತಟ್ಟೆಯಲ್ಲಿ ಮುದ್ದೆಯ ಒಂದು ಚೂರನ್ನು ಉರುಳಿಸುತ್ತಾ, ಯಾರ ಮುಖವನ್ನೂ ನೋಡದೆ ಮೆಲ್ಲಗೆ ಅಂದಳು.

"ಅಜ್ಜಿ, ನೀನು ಫೋರ್ತಿಗೆ ಎರಡು ಸಲ ಹೋಗಿದೀಯ. ನಾನು ಸೆಕೆಂಡಿಗೆ ಒಂದ್ಸಲಾನೂ ಹೋಗಿಲ್ಲ. ಇವ್ರೆಲ್ಲ ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಯಾಕಂತಾರೆ?"

ಇಷ್ಟು ದಿನ ಮನೆಯ ದೊಡ್ಡವರೆಲ್ಲ ಸೇರಿ ಮಾಡಿದ ಜಗಳದಲ್ಲಿ ಈ ಒಂದು ಮಾತು ಯಾರಿಗೂ ಹೊಳೆದಿರಲಿಲ್ಲ. ನನ್ನ ಕಥೆಯನ್ನು ಇವಳ ಕಥೆಗೆ ಜೋಡಿಸಲು ಹೋಗಿ ನಾನೂ ಎಡವಿದ್ದೆ.

"ನಾನು ಉಂಡಾಗಿತ್ತು ಕಣೋ ಪ್ರಕಾಶ," ಎಂದೆ. "ಹೊಟ್ಟೆ ತುಂಬಿದೋಳನ್ನ ಕೂರ್ಸಿದ್ರು, ಅದಕ್ಕೇ ಕೋಪ. ಇವಳ ತಟ್ಟೆಗೆ ಇನ್ನೂ ಬಡಿಸೇ ಇಲ್ಲ. ನೀನು ಏಳು ಅಂತಿದೀಯ."

ಪ್ರಕಾಶ ಮಗಳ ಕಡೆ ಕುರ್ಚಿ ಎಳೆದುಕೊಂಡ.

"ತನ್ವಿ ಜೊತೆ ಕೂರಕ್ಕಾಗಲ್ಲ ಪುಟ್ಟಿ."

"ಗೊತ್ತು."

"ಬೇಜಾರಾಗಲ್ವಾ?"

"ಆಗುತ್ತೆ," ಎಂದಳು. ಸ್ವಲ್ಪ ಯೋಚಿಸಿ, "ಆದ್ರೆ ಅಲ್ಲಿ ಕೂತ್ರೆ ಭಯ ಆಗುತ್ತೆ ಅಪ್ಪ. ಮಿಸ್ ನನ್ನ ಕಡೆ ನೋಡಿದ್ರೆ ಹೊಟ್ಟೆನೋವು ಬರುತ್ತೆ," ಎಂದಳು.

ಅವನು ಎಡಗೈಯಿಂದ ಅವಳ ತಲೆ ಸವರಿದ. ಬಲಗೈಯಲ್ಲಿ ಸಾರು ಒಣಗಿ ಹಕ್ಕಳೆಯಾಗಿತ್ತು.

ಧನ್ಯ ಎರಡನೇ ಕ್ಲಾಸಿಗೆ ಹೋದಳು. ಅದೇನು ಸುಖದ ಕಥೆಯಲ್ಲ. ಅಲ್ಲಿಯ ಮಕ್ಕಳಿಗಿಂತ ಅವಳು ಒಂದು ಗೇಣು ಎತ್ತರ, ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಯಾರೋ ಒಬ್ಬ ಹುಡುಗ ಅವಳನ್ನು ಅಕ್ಕ ಎಂದು ಕರೆದನಂತೆ, ಅವತ್ತು ಬಂದು ದಿಂಬಿಗೆ ಮುಖ ಕೊಟ್ಟು ಅತ್ತಳು. ತನ್ವಿ ಮೊದಮೊದಲು ಕೈ ಬೀಸುತ್ತಿದ್ದಳು, ಬರುಬರುತ್ತಾ ತನ್ನ ಕ್ಲಾಸಿನವರ ಜೊತೆ ಮುಂದೆ ಹೋಗುವುದೇ ರೂಢಿಯಾಯಿತು. ಶಾಲೆಗೆ ಬಿಡುವುದು ಕರೆತರುವುದು ನನ್ನ ಪಾಲಿಗೆ ಬಂತು. ಬಂತು ಎಂದರೆ ಬೇರೆ ಯಾರೂ ಹಾಕಲಿಲ್ಲ, ನಾನೇ ತೆಗೆದುಕೊಂಡೆ. ನನಗೆ ಅದು ಇಷ್ಟವಿತ್ತೆಂದು ಸುಳ್ಳು ಹೇಳುವುದಿಲ್ಲ. ಮೊಣಕಾಲು ನನ್ನವೂ ಗೌರಜ್ಜಿಯವೇ. ಸಂಜೆ ಟೇಬಲಿನ ಮುಂದೆ ಅವಳ ಬೆರಳನ್ನು ಒಂದೊಂದೇ ಅಕ್ಷರದ ಮೇಲೆ ನಿಲ್ಲಿಸಿ, ಚಿತ್ರವನ್ನು ಅಂಗೈಯಿಂದ ಮುಚ್ಚಿ ಕೂರುತ್ತಿದ್ದೆ. ಅವಳು ಒಂದು ಪದಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ನಂಜ ಅರ್ಧ ಮುದ್ದೆ ಅಗಿದು ಮುಗಿಸಬಹುದಿತ್ತು. ಎಷ್ಟೋ ದಿನ ನನಗೆ ರೇಗಿತು, ಒಂದೆರಡು ದಿನ ರೇಗಿಯೂ ಬಿಟ್ಟೆ. ನಾವು ಮಾಡಿದ್ದೇ ಎಲ್ಲ ಮಕ್ಕಳಿಗೂ ಸರಿ ಎಂದೇನಿಲ್ಲ. ತನ್ವಿ ಮೂರರಲ್ಲೇ ಕೂತು ಹೇಗೋ ಕಲಿತುಕೊಂಡಳು. ಮಕ್ಕಳನ್ನು ಕೂರಿಸಿ ಎನ್ನುವವರೂ ಏಳಿಸಿ ಎನ್ನುವವರೂ ಜೊತೆಗೆ ಯಾರು ಕೂರುತ್ತಾರೆ ಎಂದು ಹೇಳುವುದಿಲ್ಲ, ನನಗೆ ದಣಿವಾಗುವುದು ಅದಕ್ಕೇ.

ಮುಂದಿನ ಬೇಸಿಗೆ ರಜೆಯಲ್ಲಿ ನಂಜನ ಮನೆಗೆ ಮತ್ತೆ ಹೊರಟೆವು. ನನ್ನ ಇನ್ನೊಂದು ಕಣ್ಣಿನ ಪೊರೆಯೂ ಹೋಗಿತ್ತು. ಬಸ್ ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಯವರೆಗೂ ಎಲ್ಲ ಬೋರ್ಡೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಧನ್ಯ ಕಂಬದ ಪಕ್ಕ ಕಾಲು ಗಟ್ಟಿಯಾಗಿ ಊರಿ ನಿಂತಿದ್ದಳು. "ನೀನು ಹೇಳ್ಬೇಡ ಅಜ್ಜಿ," ಎಂದಳು. ಒಂದು ಬಸ್ಸು ಬಂದು ನಿಂತಿತು. ಗುಬ್ಬಿ ಎಂದು ಹಣೆಯ ಮೇಲೆ ಬರೆದುಕೊಂಡೇ ಬಂದಿತ್ತು. ಧನ್ಯಳ ತುಟಿ ಅಲ್ಲಾಡತೊಡಗಿತು. ಜನ ಇಳಿದರು, ಜನ ಹತ್ತಿದರು. ಕಿಟಕಿ ಪಕ್ಕದ ಸೀಟುಗಳು ಒಂದೊಂದಾಗಿ ತುಂಬಿದವು. ಬಿಸಿಲಿಗೆ ನನ್ನ ತಲೆ ಕಾಯುತ್ತಿತ್ತು, ಮೊಣಕಾಲು ಬೇಡ ಬೇಡ ಎನ್ನುತ್ತಿತ್ತು. ಅವಳು ಮೊದಲ ಅಕ್ಷರ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕಂಡಕ್ಟರ್ ಸೀಟಿ ಊದಿದ. ನಾನು ಬಾಯಿ ಬಿಡಲಿಲ್ಲ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು.

"ಗು... ಬ್ಬಿ. ಗುಬ್ಬಿ! ಅಜ್ಜಿ, ಅದು ಗುಬ್ಬಿ ಬಸ್ಸು!" ಎಂದು ಕಿರುಚಿದಳು. ಆಮೇಲೆ ಖಾಲಿ ಜಾಗ ನೋಡಿ ಅವಳ ಮುಖ ಇಳಿಯಿತು. "ಹೋಗ್ಬಿಡ್ತಲ್ಲಜ್ಜಿ. ನಿನಗೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅಷ್ಟರಲ್ಲಿ ಚೀಲದಲ್ಲಿ ಫೋನು ಹೊಡೆದುಕೊಂಡಿತು. ನಂಜ.

"ಎಲ್ಲಿದೀಯ ಅಕ್ಕ? ಹಿಟ್ಟು ಆರೋಯ್ತದೆ. ನಾನು ಕೂತಾಯ್ತು."

"ಕೂತಿರು," ಎಂದೆ. "ಇನ್ನೊಂದು ಬಸ್ಸಿಗೆ ಬರ್ತೀವಿ."